ಐವತ್ತು ತೋಟಾ, ಒಂದು ಹಳೆಯ ಪ್ರೆಸ್

ಶನಿವಾರ ಬೆಳಿಗ್ಗೆ ಗುರಿ ಹೊಡೆಯುವ ರೇಂಜಿಗೆ ಹೋಗಿ ಐವತ್ತು ಈಡು ಹೊಡೆಯುವುದು ನನ್ನ ಅಭ್ಯಾಸ. ಹೊಡೆದಾದ ಮೇಲೆ ಉಳಿಯುವ ತೋಟಾದ ಹಿತ್ತಾಳೆ ಕೊಳವೆಗಳನ್ನು ಡಬ್ಬಿಯಲ್ಲಿ ತುಂಬಿಕೊಂಡು ಮನೆಗೆ ತರುತ್ತಿದ್ದೆ. ಎಸೆಯಲು ಮನಸ್ಸು ಬರುತ್ತಿರಲಿಲ್ಲ. ನಾನು ಬೆಳೆದದ್ದು ಮಲೆನಾಡಿನ ಮನೆಯಲ್ಲಿ. ಅಲ್ಲಿ ಹಿತ್ತಾಳೆ ಚೂರು ಸಿಕ್ಕಿದರೂ ಅಟ್ಟಕ್ಕೆ ಹೋಗುತ್ತಿತ್ತು, ತಿಪ್ಪೆಗಲ್ಲ. ಇಲ್ಲಿ ಟೆಕ್ಸಸ್‌ನ ಮನೆಯಲ್ಲಿ ನಾಲ್ಕು ಡಬ್ಬಿ ತುಂಬಿದವು. ಒಂದು ಸಂಜೆ ಕೂತು ಎಣಿಸಿದೆ. ಸಾವಿರದ ಮೇಲೆ ನೂರ ನಲವತ್ತು.

ಪಕ್ಕದ ಮನೆಯ ಹಿರಿಯರು ಅದನ್ನು ನೋಡಿ, "ಇದನ್ನೆಲ್ಲ ಮತ್ತೆ ತುಂಬಿಸಬಹುದಲ್ಲ" ಅಂದರು. ಅವರು ನಲವತ್ತು ವರ್ಷದಿಂದ ತಮ್ಮ ತೋಟಾ ತಾವೇ ತುಂಬಿಕೊಳ್ಳುವವರು. ಅಲ್ಲಿಂದ ಶುರುವಾದ ಕೆಲಸ ಇದು. ಏನು ಕೊಂಡೆ, ಏನು ಬಿಟ್ಟೆ, ಎಲ್ಲಿ ತಪ್ಪಿದೆ ಎಲ್ಲವನ್ನೂ ಬರೆದಿಡುತ್ತಿದ್ದೇನೆ. ಹೊಸದಾಗಿ ಶುರು ಮಾಡುವ ಇನ್ನೊಬ್ಬ ಕನ್ನಡಿಗರಿಗೆ ಸಹಾಯವಾಗಲಿ ಅಂತ.

ಮೊದಲು ಕಾನೂನಿನ ಮಾತು. ಇದನ್ನು ಓದಿ ಊರಲ್ಲಿ ಯಾರೂ ಕೈ ಹಾಕಬೇಡಿ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು ಅಪರಾಧ. ಅಮೆರಿಕದಲ್ಲಿ ಸ್ವಂತ ಬಳಕೆಗೆ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಡ. ಮಾರುವ ವ್ಯವಹಾರಕ್ಕೆ ಇಳಿದರೆ ಬೇಕು. ಇನ್ನೊಂದು ಮಾತು ನಮ್ಮವರಿಗೆ ತುಂಬಾ ಮುಖ್ಯ. ಎಚ್-1ಬಿ ತರಹದ ತಾತ್ಕಾಲಿಕ ವೀಸಾದಲ್ಲಿ ಬಂದವರು ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಒಂದೇ ಒಂದು ತೋಟಾ ಇದ್ದರೂ ಅದು ಫೆಡರಲ್ ಅಪರಾಧ. ಗ್ರೀನ್ ಕಾರ್ಡ್ ಬಂದ ಮೇಲೆ ಈ ಅಡ್ಡಿ ಇಲ್ಲ. ರಾಜ್ಯದ, ಊರಿನ ನಿಯಮ ಬೇರೆ ಇರಬಹುದು, ಅದನ್ನೂ ನೋಡಿಕೊಳ್ಳಿ. ನಾನು ಇಲ್ಲಿನ ಪ್ರಜೆಯಾದ ಮೇಲೆಯೇ ಈ ಹವ್ಯಾಸಕ್ಕೆ ಬಂದದ್ದು.

ಯಾವ ತೋಟಾ

ಊರಲ್ಲಿ ನಮ್ಮ ಚಿಕ್ಕಪ್ಪನ ಹತ್ತಿರ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇರುವ ಕೋವಿ ಇತ್ತು. ಅಜ್ಜನ ಕಾಲದ್ದು ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು, ಆಮೇಲೆ ಚರೆ, ಹಿಂದುಗಡೆ ಮದ್ದಿಗೆ ಕಿಡಿ ಕೊಡುವ ಕೇಪು. ಆಮೇಲೆ ತೋಟಾ ಕೋವಿ ಬಂತು. ತೋಟಾದಲ್ಲಿರುವುದೂ ಅದೇ ಸಾಮಾನು: ಮದ್ದು, ಗುಂಡು, ಕೇಪು. ಮೂರನ್ನೂ ಒಂದು ಕೊಳವೆಯಲ್ಲಿ ಕೂರಿಸಿದ್ದಾರೆ, ಅಷ್ಟೇ. ಹೊಡೆದ ಮೇಲೆ ಮದ್ದು ಉರಿದುಹೋಗುತ್ತದೆ, ಗುಂಡು ಹೋಗುತ್ತದೆ, ಕೇಪು ಸತ್ತಿರುತ್ತದೆ. ಉಳಿಯುವುದು ಕೊಳವೆ. ಈ ನಾಲ್ಕರಲ್ಲಿ ಕೊಳವೆಗೇ ಬೆಲೆ ಜಾಸ್ತಿ. ಅದಕ್ಕೇ ಅದನ್ನು ಮತ್ತೆ ಬಳಸುವುದು. ಇಲ್ಲಿ ಕೇಪಿಗೆ ಪ್ರೈಮರ್ ಅನ್ನುತ್ತಾರೆ. ಮುಂದೆ ನಾನೂ ಹಾಗೆಯೇ ಬರೆಯುತ್ತೇನೆ.

ಎಲ್ಲ ಕೊಳವೆಯನ್ನೂ ತುಂಬಿಸಲಾಗುವುದಿಲ್ಲ. ಎಲ್ಲರೂ ಬಳಸುವ ಸಣ್ಣ .22 ತೋಟಾದಲ್ಲಿ ಪ್ರೈಮರ್ ಅಂಚಿನೊಳಗೇ ಇರುತ್ತದೆ. ಅದು ಒಂದು ಸಲಕ್ಕೆ ಮುಗಿಯಿತು. ನನ್ನದು .357 ಮ್ಯಾಗ್ನಮ್ ರಿವಾಲ್ವರ್. ಅದರಲ್ಲಿ .38 ಸ್ಪೆಷಲ್ ಅನ್ನುವ ತೋಟಾ ಕೂಡ ಹೊಡೆಯಬಹುದು. ನನ್ನ ಡಬ್ಬಿಗಳಲ್ಲಿದ್ದದ್ದು ಪೂರ್ತಿ .38. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ತೋಟಾ ಕಡಿಮೆ. ಕೊಳವೆ ನೇರವಾಗಿದೆ, ರೈಫಲ್ ತೋಟಾದ ಹಾಗೆ ಕತ್ತು ಸಣ್ಣಗಾಗುವುದಿಲ್ಲ. ಒತ್ತಡ ಕಡಿಮೆ, ಹಾಗಾಗಿ ಒಂದೊಂದು ಕೊಳವೆ ಹಲವು ಸಲ ಬಾಳುತ್ತದೆ. ರಿವಾಲ್ವರ್ ಆದ್ದರಿಂದ ಕೊಳವೆ ಹಾರಿ ಹುಲ್ಲಿನಲ್ಲಿ ಬೀಳುವುದಿಲ್ಲ. ಆರೂ ಕೈಗೇ ಬರುತ್ತವೆ.

ಒಂದು ಅಪಾಯ ಮಾತ್ರ ಈ ತೋಟಾದ ಹುಟ್ಟಿನಲ್ಲೇ ಇದೆ. .38 ಸ್ಪೆಷಲ್ ಬಂದದ್ದು 1898ರಲ್ಲಿ, ಕರಿ ಮದ್ದಿನ ಕಾಲದಲ್ಲಿ. ಕರಿ ಮದ್ದಿಗೆ ಜಾಗ ಜಾಸ್ತಿ ಬೇಕು, ಅದಕ್ಕೆ ಕೊಳವೆ ಉದ್ದ. ಈಗಿನ ಹೊಗೆಯಿಲ್ಲದ ಮದ್ದು ಅದರ ತಳದಲ್ಲಿ ಚೂರೇ ಚೂರು ಕೂರುತ್ತದೆ. ಮರೆತು ಎರಡು ಸಲ ಹಾಕಿದರೂ ತುಂಬಿ ಚೆಲ್ಲುವುದಿಲ್ಲ, ಒಳಗೇ ಹಿಡಿಸಿಬಿಡುತ್ತದೆ. ಹೊಡೆದರೆ ಬಂದೂಕು ಒಡೆಯಬಹುದು. ನಾನು ಉಪಕರಣ ಆರಿಸುವಾಗ ಈ ಒಂದು ವಿಷಯವನ್ನು ತಲೆಯಲ್ಲಿ ಇಟ್ಟುಕೊಂಡೇ ಎಲ್ಲವನ್ನೂ ಆರಿಸಿದೆ.

ಪ್ರೆಸ್

ಪ್ರೆಸ್ ಅಂದರೆ ಲಿವರ್ ಎಳೆದರೆ ಕೊಳವೆಯನ್ನು ಮೇಲಕ್ಕೆ ಡೈ ಅನ್ನುವ ಅಚ್ಚಿನೊಳಗೆ ತಳ್ಳುವ ಯಂತ್ರ. ಮೂರು ಜಾತಿ ಇವೆ. ಒಂದು ಸಲಕ್ಕೆ ಒಂದೇ ಡೈ ಹಿಡಿಯುವುದು ಸಿಂಗಲ್ ಸ್ಟೇಜ್. ತಿರುಗುವ ತಲೆಯಲ್ಲಿ ಮೂರು ನಾಲ್ಕು ಡೈ ಇರುವುದು ಟರೆಟ್. ಲೀ ಕಂಪನಿಯ ಕ್ಲಾಸಿಕ್ ಟರೆಟ್‌ನಲ್ಲಿ ನಾಲ್ಕು ತೂತು, ಲಿವರ್ ಎಳೆದ ಹಾಗೆ ತಲೆ ತಾನೇ ತಿರುಗುತ್ತದೆ. ಮೂರನೆಯದು ಪ್ರೋಗ್ರೆಸಿವ್. ಡಿಲನ್ 550 ಅಂಥದ್ದರಲ್ಲಿ ನಾಲ್ಕು ಕೊಳವೆ ನಾಲ್ಕು ಹಂತದಲ್ಲಿ ಒಟ್ಟಿಗೆ ನಡೆಯುತ್ತವೆ. ಒಂದು ಎಳೆತಕ್ಕೆ ಒಂದು ತೋಟಾ ಸಿದ್ಧ.

ಲೆಕ್ಕ ಹಾಕಿದರೆ ಪ್ರೋಗ್ರೆಸಿವ್ ಕೊಳ್ಳಬೇಕು ಅನಿಸುತ್ತದೆ. ಎರಡು ವಾರ ನಾನೂ ಅದನ್ನೇ ನೋಡುತ್ತಿದ್ದೆ. ಆಮೇಲೆ ಪಕ್ಕದ ಮನೆಯವರು ತಮ್ಮ ಪ್ರೋಗ್ರೆಸಿವ್ ಮುಂದೆ ನನ್ನನ್ನು ನಿಲ್ಲಿಸಿ ಇಪ್ಪತ್ತು ಎಳೆತ ಎಳೆಸಿದರು. ಒಂದೇ ಹೊತ್ತಿಗೆ ನಾಲ್ಕು ಕಡೆ ಬೇರೆ ಬೇರೆ ಕೆಲಸ. ಹಳೆ ಪ್ರೈಮರ್ ಬಿತ್ತಾ, ಹೊಸದು ಕೂತಿತಾ, ಮದ್ದು ಬಂತಾ, ಗುಂಡು ನೆಟ್ಟಗಿದೆಯಾ? ಯಾವುದನ್ನು ನೋಡಬೇಕು ಅಂತ ತಿಳಿಯುವ ಮೊದಲೇ ಕೈ ಮುಂದಿನ ಎಳೆತಕ್ಕೆ ಹೋಗಿರುತ್ತಿತ್ತು. ಅನುಭವ ಇದ್ದವರಿಗೆ ಅದು ಚೆನ್ನಾಗಿದೆ. ಒಂದೊಂದು ಹಂತವೂ ಕೈಗೆ ಹೇಗೆ ತಾಗುತ್ತದೆ ಅಂತ ಗೊತ್ತಿಲ್ಲದ ನನಗೆ ಅದು ಬೇಡ ಅಂತ ಅಲ್ಲೇ ಗಟ್ಟಿಯಾಯಿತು.

ಸಿಂಗಲ್ ಸ್ಟೇಜ್‌ನಲ್ಲಿ ಐವತ್ತು ಕೊಳವೆಗೂ ಮೊದಲ ಕೆಲಸ ಮುಗಿಸಿ, ಡೈ ಬದಲಿಸಿ, ಐವತ್ತಕ್ಕೂ ಎರಡನೆಯ ಕೆಲಸ. ಪ್ರತಿ ಕೊಳವೆ ಐದಾರು ಸಲ ಬೆರಳಿಗೆ ಬರುತ್ತದೆ. ನಿಧಾನ ಹೌದು. ಕಲಿಯುವಾಗ ಬೇಕಾದದ್ದೇ ಆ ನಿಧಾನ.

ಆರ್‌ಸಿಬಿಎಸ್ ಕಂಪನಿಯ ಹಳೆಯ ರಾಕ್ ಚಕರ್ ಪ್ರೆಸ್ ಒಂದು ಗ್ಯಾರೇಜ್ ಮಾರಾಟದಲ್ಲಿ 90 ಡಾಲರ್‌ಗೆ ಸಿಕ್ಕಿತು. ಎರಕದ ಕಬ್ಬಿಣ, ಎತ್ತಿದರೆ ಒಳ್ಳೆ ಒರಳುಕಲ್ಲಿನ ಗುಂಡು ಎತ್ತಿದ ಹಾಗೆ. ಹಸಿರು ಬಣ್ಣದ ಮೇಲೆ ಅಲ್ಲಲ್ಲಿ ತುಕ್ಕು. ಲಿವರ್ ಎಳೆದರೆ ಮೇಲೇರುವ ಉಕ್ಕಿನ ಕಂಬ, ಅಂದರೆ ರ್‍ಯಾಮ್, ಅರ್ಧ ದಾರಿಯಲ್ಲಿ ಕಿರ್ ಅಂತ ನಿಲ್ಲುತ್ತಿತ್ತು. ಹಳೆಯ ಪ್ರೆಸ್ ಕೊಳ್ಳುವಾಗ ನೋಡಬೇಕಾದ್ದು ಮೂರು: ಎರಕದಲ್ಲಿ ಬಿರುಕು ಇದೆಯೇ, ರ್‍ಯಾಮ್ ಅನ್ನು ಮೇಲೆತ್ತಿ ಪಕ್ಕಕ್ಕೆ ಅಲ್ಲಾಡಿಸಿದರೆ ಸಡಿಲ ಇದೆಯೇ, ಡೈ ಕೂರುವ ತಿರುಪಿನ ಮರೆ ಸವೆದಿದೆಯೇ. ಮೇಲಿನ ತುಕ್ಕು ಲೆಕ್ಕಕ್ಕಿಲ್ಲ. ನಾನು ಬ್ಯಾಟರಿ ಹಿಡಿದು ನೋಡಿದೆ, ಬಿರುಕು ಇರಲಿಲ್ಲ. ರ್‍ಯಾಮ್ ಬಿಗಿಯಾಗಿತ್ತು.

ಮನೆಗೆ ತಂದು ಪೂರ್ತಿ ಬಿಚ್ಚಿದೆ. ಲಿವರಿನ ಕೀಲುಗಳ ಪಿನ್ ತೆಗೆದು, ರ್‍ಯಾಮ್ ಹೊರಗೆಳೆದಾಗ ಸಮಸ್ಯೆ ಕಣ್ಣೆದುರಿಗೇ ಇತ್ತು. ಕಪ್ಪು ಗಸಿ. ಸತ್ತ ಪ್ರೈಮರ್‌ಗಳಿಂದ ಉದುರುವ ಮಸಿ ವರ್ಷಗಟ್ಟಲೆ ಎಣ್ಣೆ ಜೊತೆ ಸೇರಿ ಕಾಡಿಗೆಯ ಹಾಗೆ ಗಟ್ಟಿಯಾಗಿತ್ತು. ಆ ಮಸಿಯಲ್ಲಿ ಗಾಜಿನ ಪುಡಿಯಂಥ ಒರಟು ಕಣಗಳೂ ಇರುತ್ತವೆ, ಉಕ್ಕನ್ನು ಉಜ್ಜುತ್ತವೆ. ಅದರಲ್ಲಿ ಸೀಸವೂ ಇರುತ್ತದೆ. ಕೈಗವಸು ಹಾಕಿಕೊಂಡು, ಹೊರಗೆ ಅಂಗಳದಲ್ಲಿ ಕೂತು, ಸೀಮೆಎಣ್ಣೆಯಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್ ಅದ್ದಿ ಉಜ್ಜಿದೆ. ತುಕ್ಕಿಗೆ ತುಂಬಾ ನಯವಾದ ಉಕ್ಕಿನ ನಾರು, ಮೇಲೆ ಎರಡು ಹನಿ ಎಣ್ಣೆ. ಮರಳು ಕಾಗದ ಮುಟ್ಟಿಸಲಿಲ್ಲ. ರ್‍ಯಾಮ್‌ನ ಅಳತೆ ಕೂದಲೆಳೆಯಷ್ಟು ಸವೆದರೂ ಪ್ರೆಸ್ ಸಡಿಲವಾಗುತ್ತದೆ. ಒರೆಸಿ, ತೆಳುವಾಗಿ ಎಣ್ಣೆ ಹಚ್ಚಿ, ಕೀಲುಗಳಿಗೆ ಗ್ರೀಸ್ ಇಟ್ಟು ಜೋಡಿಸಿದೆ. ಲಿವರ್ ಬಿಟ್ಟರೆ ತನ್ನ ತೂಕಕ್ಕೆ ತಾನೇ ಸದ್ದಿಲ್ಲದೆ ಇಳಿಯಿತು. ಆ ಸಂಜೆ ಸುಮ್ನೆ ಹತ್ತು ಹದಿನೈದು ಸಲ ಎಳೆದು ಬಿಟ್ಟೆ.

ಮೇಜು

ಗ್ಯಾರೇಜಿನಲ್ಲೇ ಮಾಡೋಣ ಅಂತಿದ್ದೆ. ಇಲ್ಲಿನ ಬೇಸಿಗೆಯಲ್ಲಿ ಗ್ಯಾರೇಜ್ ಒಳಗೆ ಕಾದ ಹೆಂಚಿನ ಮೇಲೆ ನಿಂತ ಹಾಗೆ. ಮದ್ದಿಗೂ ಪ್ರೈಮರಿಗೂ ಬಿಸಿ ಒಳ್ಳೆಯದಲ್ಲ. ಒಳಗಿನ ಸಣ್ಣ ಕೋಣೆಯನ್ನೇ ಆರಿಸಿದೆ, ಬಾಗಿಲಿಗೆ ಬೀಗ ಇರುವುದು. ನೆಲಕ್ಕೆ ರತ್ನಗಂಬಳಿ ಇರಲಿಲ್ಲ, ಅದು ಒಳ್ಳೆಯದೇ ಆಯಿತು. ಚೆಲ್ಲಿದ ಮದ್ದು, ಉದುರಿದ ಮಸಿ ಗಂಬಳಿಯಲ್ಲಿ ಸೇರಿದರೆ ತೆಗೆಯುವುದು ಕಷ್ಟ.

ಎರಡು-ನಾಲ್ಕರ ಮರದ ತುಂಡುಗಳಿಂದ ಚೌಕಟ್ಟು, ಮೇಲೆ ಮುಕ್ಕಾಲು ಇಂಚಿನ ಪ್ಲೈವುಡ್ ಎರಡು ಪದರ, ನಡುವೆ ಗೋಂದು. (ಇಲ್ಲಿ ಎರಡು-ನಾಲ್ಕು ಅಂತ ಮಾರುವ ಮರ ನಿಜಕ್ಕೂ ಒಂದೂವರೆ ಇಂಚು, ಮೂರೂವರೆ ಇಂಚು. ಲೆಕ್ಕ ಹಾಕುವಾಗ ನೆನಪಿರಲಿ.) ಎತ್ತರ ನನ್ನ ಮೊಣಕೈಗಿಂತ ಸ್ವಲ್ಪ ಕೆಳಗೆ. ಹಿಂದಿನ ಅಂಚನ್ನು ಗೋಡೆಯೊಳಗಿನ ಮರದ ಕಂಬಗಳಿಗೆ ಉದ್ದ ಸ್ಕ್ರೂನಿಂದ ಬಿಗಿದೆ. ಆ ಕಂಬಗಳು ಸಾಮಾನ್ಯವಾಗಿ 16 ಇಂಚಿಗೆ ಒಂದು ಇರುತ್ತವೆ.

ಇಲ್ಲಿ ಮೊದಲ ತಪ್ಪು ಮಾಡಿದೆ. ಪ್ರೆಸ್ಸನ್ನು ಮೇಜಿನ ಮುಂದಿನ ಅಂಚಿಗೆ, ಎರಡು ಕಾಲುಗಳ ನಡುವೆ ಬೋಲ್ಟ್ ಹಾಕಿ ಕೂರಿಸಿದೆ. ಕೆಳಗೆ ಸಣ್ಣ ವಾಷರ್. ಎಳೆದು ನೋಡಿದರೆ ಗಟ್ಟಿ ಇದೆ ಅನಿಸಿತು. ಪಕ್ಕದ ಮನೆಯವರು ಬಂದು ಒಂದು ಲೋಟ ನೀರು ತಂದು ಮೇಜಿನ ಮೇಲಿಟ್ಟರು. ಒಂದು ಕೊಳವೆ ಹಾಕಿ ಲಿವರ್ ಒತ್ತಿ ಅಂದರು. ಒತ್ತಿದೆ. ಲೋಟದ ನೀರು ತುಳುಕಿ ಮೇಜಿನ ಮೇಲೆ ಬಿತ್ತು. ಬಗ್ಗಿ ನೋಡಿದರೆ ಹಿಂದಿನ ವಾಷರ್ ಪ್ಲೈವುಡ್ಡಿನೊಳಗೆ ಹೂತಿತ್ತು. ಲಿವರನ್ನು ಕೆಳಕ್ಕೆ ಒತ್ತಿದಾಗ ಪ್ರೆಸ್ ನಮ್ಮ ಕಡೆಗೆ ಬಾಗಲು ನೋಡುತ್ತದೆ. ಮುಂದಿನ ಅಂಚು ಕೆಳಗೆ, ಹಿಂದಿನ ಬೋಲ್ಟ್ ಮೇಲಕ್ಕೆ. ಮೇಜು ಬಾಗಿದರೆ ಪ್ರತಿ ಎಳೆತದ ಅಳತೆಯೂ ಚೂರು ಬೇರೆಯಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಪಕ್ಕದಲ್ಲಿ ಮದ್ದು ಹಾಕಿದ ಐವತ್ತು ಕೊಳವೆ ನಿಂತಿರುತ್ತವೆ ಅಲ್ವಾ, ಅವು ಅಲ್ಲಾಡಬಾರದು.

ಮರುದಿನ ಪ್ರೆಸ್ ಬಿಚ್ಚಿ ಸರಿಯಾಗಿ ಎಡಗಾಲಿನ ನೆತ್ತಿಗೆ ತಂದೆ. ಪ್ಲೈವುಡ್ಡಿನ ಅಡಿಗೆ ಕಾಲು ಇಂಚಿನ ಉಕ್ಕಿನ ಪಟ್ಟಿ, ಅದರ ಮೂಲಕವೇ ಬೋಲ್ಟ್. ಮತ್ತೆ ಲೋಟ ಇಟ್ಟೆ. ನೀರಿನ ಮೇಲೆ ಒಂದು ಸಣ್ಣ ಅಲೆ ಎದ್ದು ನಿಂತಿತು, ತುಳುಕಲಿಲ್ಲ. ಮೇಜಿಗೆ ಮರ, ಸ್ಕ್ರೂ, ಪಟ್ಟಿ ಎಲ್ಲ ಸೇರಿ ಆದ ಖರ್ಚು ಪ್ರೆಸ್ಸಿಗಿಂತ ಜಾಸ್ತಿ. ಅದರ ಬಗ್ಗೆ ನನಗೆ ಬೇಸರವಿಲ್ಲ.

ಡೈ ಮತ್ತು ಉಳಿದದ್ದು

ಡೈಗಳ ಹೊರ ಮರೆ ಬಹುತೇಕ ಎಲ್ಲ ಕಂಪನಿಯದ್ದೂ ಒಂದೇ ಅಳತೆ, ಎಂಟರಲ್ಲಿ ಏಳು ಇಂಚು, ಇಂಚಿಗೆ 14 ಸುತ್ತು. ಹಾಗಾಗಿ ಒಂದು ಕಂಪನಿಯ ಪ್ರೆಸ್ಸಿಗೆ ಇನ್ನೊಂದು ಕಂಪನಿಯ ಡೈ ಹಾಕಬಹುದು. ನಾನು ಲೀ ಕಂಪನಿಯ ಮೂರು ಡೈಗಳ ಕಾರ್ಬೈಡ್ (ಉಕ್ಕಿಗಿಂತ ಗಟ್ಟಿ ವಸ್ತು) ಸೆಟ್ ತಂದೆ. ಕೊಳವೆಯ ಬುಡ ಹಿಡಿಯುವ ಶೆಲ್ ಹೋಲ್ಡರ್ ಆ ಡಬ್ಬಿಯಲ್ಲೇ ಇತ್ತು. ಕೆಲವು ಕಂಪನಿಯವು ಬೇರೆ ಮಾರುತ್ತವೆ, ಕೊಳ್ಳುವಾಗ ಕೇಳಿ.

ಮೊದಲ ಡೈ ಉಬ್ಬಿದ ಕೊಳವೆಯನ್ನು ಮತ್ತೆ ಸಣ್ಣ ಮಾಡುತ್ತದೆ, ಅದರ ನಡುವಿನ ಸೂಜಿ ಸತ್ತ ಪ್ರೈಮರನ್ನು ಹೊರಗೆ ತಳ್ಳುತ್ತದೆ. ಇದರಲ್ಲಿ ಕಾರ್ಬೈಡ್ ಉಂಗುರ ಇದ್ದರೆ ಎಣ್ಣೆ ಹಚ್ಚುವ ಕೆಲಸ ಉಳಿಯುತ್ತದೆ. ಬರೀ ಉಕ್ಕಿನ ಡೈ ಆದರೆ ಪ್ರತಿ ಕೊಳವೆಗೂ ಎಣ್ಣೆ ಹಚ್ಚಬೇಕು, ಆಮೇಲೆ ಒರೆಸಬೇಕು. ಸ್ವಲ್ಪ ದುಡ್ಡಿನ ವ್ಯತ್ಯಾಸಕ್ಕೆ ಕಾರ್ಬೈಡ್ ಬಿಡಬೇಡಿ. ಆದರೆ ಕಾರ್ಬೈಡ್ ಗಟ್ಟಿಯಷ್ಟೇ ಪೆಡಸು. ಶೆಲ್ ಹೋಲ್ಡರ್ ಅದಕ್ಕೆ ಜೋರಾಗಿ ಬಡಿದರೆ ಬಿರುಕು ಬಿಡುತ್ತದೆ. ಡೈಯನ್ನು ಪೂರ್ತಿ ಇಳಿಸಿ ತಾಗಿಸಿ, ಆಮೇಲೆ ಸ್ವಲ್ಪ ಹಿಂದಕ್ಕೆ ತಿರುಗಿಸಿ, ನಡುವೆ ಕಾಗದದ ಒಂದೆರಡು ಹಾಳೆ ತೂರುವಷ್ಟು ಜಾಗ ಬಿಟ್ಟು ಬಿಗಿದೆ.

ಎರಡನೆಯ ಡೈ ಕೊಳವೆಯ ಬಾಯಿ ಚೂರು ಅರಳಿಸುತ್ತದೆ, ಗುಂಡು ಕೂರಲಿ ಅಂತ. ಮೂರನೆಯದು ಗುಂಡನ್ನು ಒಳಗೆ ಕೂರಿಸಿ, ಅಂಚನ್ನು ಗುಂಡಿನ ಸೊಂಟದ ಗೀರಿಗೆ ಮಡಿಸುತ್ತದೆ. ರಿವಾಲ್ವರಿನಲ್ಲಿ ಈ ಮಡಿಕೆ ಬೇಕೇ ಬೇಕು. ಒಂದು ಈಡಿನ ಒದೆತಕ್ಕೆ ಉಳಿದ ಐದರ ಗುಂಡು ಮುಂದಕ್ಕೆ ಜಾರಿದರೆ ಆರು ತೋಟಾ ಹಿಡಿಯುವ ಚಕ್ರ ತಿರುಗದೆ ಸಿಕ್ಕಿಕೊಳ್ಳುತ್ತದೆ. ಇದೇ ಡೈಗಳಲ್ಲಿ .357 ಕೂಡ ತುಂಬಬಹುದು. ಅದರ ಕೊಳವೆ .38ಕ್ಕಿಂತ 0.135 ಇಂಚು ಹೆಚ್ಚು ಉದ್ದ, ಹಾಗಾಗಿ ಎರಡು, ಮೂರನೆಯ ಡೈ ಮತ್ತೆ ಹೊಂದಿಸಬೇಕು.

ದುಡ್ಡು ಹಾಕಬೇಕಾದ ಜಾಗ ತಕ್ಕಡಿ. ಮದ್ದಿನ ತೂಕ ಗ್ರೇನ್ ಲೆಕ್ಕದಲ್ಲಿ. ಒಂದು ಗ್ರಾಂಗೆ ಹದಿನೈದೂವರೆ ಗ್ರೇನ್ ಹತ್ತಿರ. ನಾವು ಗ್ರೇನಿನ ಹತ್ತನೆಯ ಒಂದು ಭಾಗ ತೂಗಬೇಕು. ಊರಿನ ಅಕ್ಕಸಾಲಿಗರು ಹಿಂದೆ ಗುಲಗಂಜಿ ಇಟ್ಟು ಚಿನ್ನ ತೂಗುತ್ತಿದ್ದರಲ್ಲ, ಆ ಒಂದು ಗುಲಗಂಜಿಯನ್ನು ಹದಿನೆಂಟು ಪಾಲು ಮಾಡಿದರೆ ಒಂದು ಪಾಲು ಎಷ್ಟೋ ಅಷ್ಟು. ನಾನು ಮೊದಲು ಒಂದು ಅಗ್ಗದ ಡಿಜಿಟಲ್ ತಕ್ಕಡಿ ತಂದೆ. ಅಂಕಿ ನಿಲ್ಲುತ್ತಿರಲಿಲ್ಲ. ಅದೇ ತೂಕದ ಕಲ್ಲು ಇಟ್ಟರೆ ಒಂದು ಸಲ ಒಂದು, ಇನ್ನೊಂದು ಸಲ ಇನ್ನೊಂದು. ತಕ್ಕಡಿಯೇ ಕೆಟ್ಟಿದೆ ಅಂತ ವಾಪಸ್ ಕಳಿಸಲು ಹೊರಟಿದ್ದೆ. ಆಮೇಲೆ ಮೇಲೆ ನೋಡಿದರೆ ಫ್ಯಾನ್ ತಿರುಗುತ್ತಿತ್ತು. ಫ್ಯಾನ್ ನಿಲ್ಲಿಸಿದ ಮೇಲೆ ಎಷ್ಟೋ ಸರಿಹೋಯಿತು. ಆದರೂ ಅರ್ಧ ಗಂಟೆಗೆ ಸೊನ್ನೆ ಸ್ವಲ್ಪ ಜರುಗುತ್ತಿತ್ತು. ಕೊನೆಗೆ ಹಳೆಯ ಕಾಲದ ದಂಡಿಗೆ ತಕ್ಕಡಿ ಒಂದು ತಂದೆ. ಕರೆಂಟ್ ಬೇಡ, ಮುಳ್ಳು ಗೀರಿಗೆ ಬಂದು ನಿಂತರೆ ನಿಂತಿತು. ಈಗ ಅದರಲ್ಲಿ ತೂಗಿ, ಹತ್ತಕ್ಕೊಂದನ್ನು ಡಿಜಿಟಲ್‌ನಲ್ಲಿ ತಾಳೆ ನೋಡುತ್ತೇನೆ. ಜೊತೆಗೆ ಪರೀಕ್ಷೆಯ ತೂಕದ ಕಲ್ಲುಗಳು. ಅವಿಲ್ಲದೆ ಯಾವ ತಕ್ಕಡಿಯನ್ನೂ ನಂಬಬಾರದು.

ಉದ್ದ ಅಳೆಯುವ ಕ್ಯಾಲಿಪರ್ ಆರು ಇಂಚಿನದು ಸಾಕು. .38 ಕೊಳವೆ 1.155 ಇಂಚಿಗಿಂತ ಉದ್ದ ಇರಬಾರದು, ಪೂರ್ತಿ ತೋಟಾ 1.550 ಇಂಚು ಮೀರಬಾರದು. ಇದು ದಿನಾ ಬೇಕಾಗುವ ಅಳತೆ. ಮರದ ಹಲಗೆಯಲ್ಲಿ ಐವತ್ತು ತೂತು ಕೊರೆದ ಲೋಡಿಂಗ್ ಬ್ಲಾಕ್, ಇದನ್ನು ನಾನೇ ಮಾಡಿಕೊಂಡೆ. ತಪ್ಪಿದ ತೋಟಾದಿಂದ ಗುಂಡು ಬಿಡಿಸುವ ಸುತ್ತಿಗೆಯಂಥ ಪುಲ್ಲರ್, ಇದನ್ನು ಮೊದಲ ದಿನವೇ ಕೊಳ್ಳಿ, ಮೊದಲ ದಿನವೇ ಬೇಕಾಗುತ್ತದೆ. ಕಣ್ಣಿಗೆ ಕನ್ನಡಕ. ಪ್ರೈಮರ್ ಕೂರಿಸಲು ಕೈಯಲ್ಲಿ ಹಿಡಿಯುವ ಸಣ್ಣ ಉಪಕರಣ. ಪ್ರೆಸ್ಸಿನಲ್ಲೇ ಕೂರಿಸಬಹುದು, ಆದರೆ ಕೈಯದರಲ್ಲಿ ಪ್ರೈಮರ್ ತಳ ಮುಟ್ಟಿದ್ದು ಹೆಬ್ಬೆರಳಿಗೆ ಗೊತ್ತಾಗುತ್ತದೆ. ಮದ್ದನ್ನು ತಾನೇ ಅಳೆದು ಸುರಿಯುವ ಯಂತ್ರ ಈಗ ಬೇಡ ಅಂತ ಬಿಟ್ಟೆ. ಸಣ್ಣ ಚಮಚ, ತಕ್ಕಡಿ, ಒಂದೊಂದೇ ಕೊಳವೆ.

ಮದ್ದು ಎಷ್ಟು ಹಾಕಬೇಕು ಅನ್ನುವ ಅಂಕಿಯನ್ನು ನಾನು ಬರೆಯುವುದಿಲ್ಲ. ಅದನ್ನು ಮುದ್ರಿತ ಕೈಪಿಡಿಯಿಂದ, ಇಲ್ಲವೇ ಮದ್ದು ತಯಾರಿಸುವ ಹಾಜ್ಡನ್‌ನಂಥ ಕಂಪನಿಗಳು ಪುಕ್ಕಟೆಯಾಗಿ ಕೊಡುವ ಪಟ್ಟಿಯಿಂದಲೇ ತೆಗೆದುಕೊಳ್ಳಬೇಕು. ಅದೇ ಮದ್ದು, ಅದೇ ತೂಕದ ಗುಂಡು, ಪಟ್ಟಿಯ ಕೆಳಗಿನ ಅಂಕಿಯಿಂದ ಶುರು. ಗೆಳೆಯರು ಬಾಯಲ್ಲಿ ಹೇಳಿದ ಅಂಕಿ ಎಷ್ಟೇ ನಂಬಿಕಸ್ಥರದ್ದಾದರೂ ಬೇಡ. ಮದ್ದು ಆರಿಸುವಾಗ ನಾನು ಕೇಳಿದ್ದು ಒಂದೇ: ಎರಡು ಸಲ ಹಾಕಿದರೆ ಕಣ್ಣಿಗೆ ಕಾಣುವಷ್ಟು ಮೇಲೆ ಬರುವಂಥದ್ದು ಯಾವುದು ಅಂತ.

ಹಿತ್ತಾಳೆ ತೊಳೆದದ್ದು

ಹಿತ್ತಾಳೆ ಅಂದರೆ ನನ್ನ ಕೈ ಹುಣಸೆಹಣ್ಣಿಗೇ ಹೋಯಿತು. ಇಲ್ಲಿನವರು ಬಿಸಿನೀರು, ಪಾತ್ರೆ ಸೋಪು, ಚಿಟಿಕೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಬಳಸುತ್ತಾರೆ. ಎರಡೂ ಹುಳಿಯೇ. ನಾನು ನಿಂಬೆ ಉಪ್ಪಿನಲ್ಲೇ ತೊಳೆದೆ, ಅಡುಗೆಮನೆ ಸಿಂಕಿನಲ್ಲಲ್ಲ, ಹೊರಗೆ ಬಕೆಟ್ಟಿನಲ್ಲಿ. ಬಿಸಿಲಲ್ಲಿ ಎರಡು ದಿನ ಒಣಗಿಸಿದೆ.

ಅಮೋನಿಯಾ ಇರುವ ಹಿತ್ತಾಳೆ ಪಾಲಿಶ್ ಮಾತ್ರ ಬೇಡ. ಇದಕ್ಕೆ ನಮ್ಮ ದೇಶದ್ದೇ ಒಂದು ಕತೆ ಇದೆ. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯದ ತೋಟಾಗಳು ಮಳೆಗಾಲ ಬಂದರೆ ಇಟ್ಟಲ್ಲೇ ಬಿರುಕು ಬಿಡುತ್ತಿದ್ದವು. ಅವನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಕುದುರೆ ಮೂತ್ರದಿಂದ ಏಳುವ ಅಮೋನಿಯಾ, ಮಳೆಗಾಲದ ತೇವ, ಎಳೆದು ಮಾಡಿದ ಹಿತ್ತಾಳೆಯೊಳಗಿನ ಬಿಗಿತ, ಮೂರೂ ಸೇರಿ ಹೀಗಾಗುತ್ತದೆ ಅಂತ ವಿವರಣೆ ಬಂದದ್ದು 1921ರಲ್ಲಿ. ನನ್ನ ಡಬ್ಬಿಯ ಹೊಳೆಯುವ ಕೊಳವೆ ನೋಡುವಾಗೆಲ್ಲ ನನಗೆ ಆ ಲಾಯಗಳ ನೆನಪು ಬರುತ್ತದೆ.

ಸೀಸದ ವಿಷಯ ಮನೆಯಲ್ಲಿ ಮಕ್ಕಳಿರುವವರು ಗಂಭೀರವಾಗಿ ತೆಗೆದುಕೊಳ್ಳಿ. ಹೊಡೆದ ಪ್ರೈಮರಿನ ಮಸಿಯಲ್ಲಿ ಸೀಸ ಇರುತ್ತದೆ. ಆ ಕೋಣೆಯಲ್ಲಿ ಕಾಫಿ ಇಲ್ಲ, ತಿಂಡಿ ಇಲ್ಲ. ಕೆಲಸದ ಅಂಗಿ ಬೇರೆ. ಪೊರಕೆ ಹಾಕುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಶುರು ಮಾಡುವ ಮೊದಲು ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿಕೊಂಡೆ, ವರ್ಷಕ್ಕೊಮ್ಮೆ ಮಾಡಿಸುತ್ತೇನೆ. ಪ್ರೈಮರನ್ನು ಅದು ಬಂದ ಡಬ್ಬಿಯಲ್ಲೇ ಇಡಬೇಕು. ಗಾಜಿನ ಬಾಟಲಿಗೆ ಸುರಿದಿಟ್ಟರೆ ಒಂದು ಹೊತ್ತಿದರೆ ಎಲ್ಲ ಹೊತ್ತುತ್ತದೆ. ಮದ್ದೂ ಅದರ ಸ್ವಂತ ಡಬ್ಬಿಯಲ್ಲೇ, ಮರದ ಪೆಟ್ಟಿಗೆಯಲ್ಲಿ. ಗಾಳಿಯಾಡದ ಉಕ್ಕಿನ ತಿಜೋರಿಯಲ್ಲಿ ಬೇಡ. ಬೆಂಕಿ ತಗುಲಿದರೆ ಬಿಡಿಯಾಗಿ ಉರಿಯುವ ಮದ್ದು ಬಿಗಿಯಾಗಿ ಮುಚ್ಚಿದಲ್ಲಿ ಬಾಂಬ್ ಆಗುತ್ತದೆ.

ಮೊದಲ ಐವತ್ತು

ಒಂದೇ ಕಂಪನಿಯ ಐವತ್ತು ಕೊಳವೆ ಆರಿಸಿಕೊಂಡೆ. ಸಣ್ಣ ಮಾಡುವುದು ಸುಲಭವಾಗಿ ಆಯಿತು. ಪ್ರೈಮರ್ ಕೂರಿಸಿ ಪ್ರತಿಯೊಂದನ್ನೂ ಗಾಜಿನ ಮೇಲೆ ನಿಲ್ಲಿಸಿದೆ. ಪ್ರೈಮರ್ ಎದ್ದಿದ್ದರೆ ಕೊಳವೆ ತಟತಟ ಅಲ್ಲಾಡುತ್ತದೆ. ಎರಡು ಅಲ್ಲಾಡಿದವು. ಅವನ್ನು ಮತ್ತೆ ಒತ್ತುವ ಗೋಜಿಗೆ ಹೋಗದೆ ಪಕ್ಕಕ್ಕಿಟ್ಟು ಬೇರೆ ಎರಡು ತೆಗೆದುಕೊಂಡೆ.

ಅರಳಿಸುವ ಡೈ ತುಂಬಾ ಕಡಿಮೆ ಇಳಿಸಿದ್ದೆ. ಬಾಯಿ ಜಾಸ್ತಿ ಅರಳಿದರೆ ಹಿತ್ತಾಳೆ ಬೇಗ ಸೀಳುತ್ತದೆ ಅಂತ ಹೆದರಿಕೆ. ಮದ್ದಿಲ್ಲದೆ, ಪ್ರೈಮರಿಲ್ಲದೆ ಮೊದಲು ಮೂರು ಗುಂಡು ಕೂರಿಸಿ ನೋಡಿದೆ, ಅದು ಒಳ್ಳೆಯದಾಯಿತು. ಗುಂಡು ಓರೆಯಾಗಿ ಇಳಿದು, ಕೊಳವೆಯ ಅಂಚು ಗುಂಡಿನ ಪಕ್ಕದಿಂದ ಉಗುರಿನಂಥ ಸೀಸದ ಸಿಪ್ಪೆ ಕೆತ್ತಿತು. ಒಂದು ಕೊಳವೆ ಸುಕ್ಕಾಗಿ ಕೂತುಬಿಟ್ಟಿತು. ಡೈ ಕಾಲು ಸುತ್ತು ಇಳಿಸಿದೆ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ. ಗುಂಡನ್ನು ಬಾಯಿ ಮೇಲಿಟ್ಟು ಕೈ ಬಿಟ್ಟರೆ ಬೀಳದೆ ನಿಲ್ಲುವಷ್ಟಕ್ಕೆ ನಿಲ್ಲಿಸಿದೆ. ಆಮೇಲೆ ತೊಂದರೆ ಬರಲಿಲ್ಲ.

ಮದ್ದು ಹಾಕಲು ಕೂತಾಗ ರಾತ್ರಿ ಒಂಬತ್ತು. ಖಾಲಿ ಕೊಳವೆಗಳನ್ನು ಹಲಗೆಯಲ್ಲಿ ಬಾಯಿ ಕೆಳಗೆ ಮಾಡಿ ನಿಲ್ಲಿಸುವುದು, ಒಂದನ್ನು ತೆಗೆದು ಮದ್ದು ಹಾಕಿ ಬಾಯಿ ಮೇಲೆ ಮಾಡಿ ಇಡುವುದು. ಹಾಗೆ ಮಾಡಿದರೆ ಯಾವುದಕ್ಕೆ ಆಗಿದೆ, ಯಾವುದಕ್ಕೆ ಇಲ್ಲ ಅನ್ನುವುದರಲ್ಲಿ ಗೊಂದಲ ಇರುವುದಿಲ್ಲ. ಮೂವತ್ತು ದಾಟಿದ್ದೆ. ಊರಿಂದ ಚಿಕ್ಕಪ್ಪನ ಫೋನ್ ಬಂತು. ಅಲ್ಲಿ ಬೆಳಿಗ್ಗೆ. "ಏನೋ ಮಾಡ್ತಾ ಇದ್ದೀಯ?" ಅಂದರು. "ತೋಟಾ ತುಂಬ್ತಾ ಇದ್ದೀನಿ ಚಿಕ್ಕಪ್ಪ" ಅಂದೆ. "ಹಾಗಾದ್ರೆ ಫೋನ್ ಇಡು ಮಾರಾಯ, ಮುಗಿಸಿ ಮಾಡು" ಅಂತ ಅವರೇ ಇಟ್ಟರು. ಇಟ್ಟ ಮೇಲೆ ಕೈಯಲ್ಲಿದ್ದ ಕೊಳವೆಯನ್ನು ಹಲಗೆಯಲ್ಲಿ ನಿಲ್ಲಿಸಿ ಮುಂದುವರಿದೆ.

ಐವತ್ತೂ ಆದವು. ಗುಂಡು ಕೂರಿಸುವ ಮೊದಲು ಬ್ಯಾಟರಿ ಹಿಡಿದು ಸಾಲುಸಾಲಾಗಿ ನೋಡಿದೆ. ಹಲಗೆಯನ್ನು ಸ್ವಲ್ಪ ವಾಲಿಸಿದರೆ ಪ್ರತಿ ಕೊಳವೆಯ ಅಡಿಯಲ್ಲಿ ಬೂದು ಬಣ್ಣದ ಮದ್ದು ಒಂದೇ ಮಟ್ಟದಲ್ಲಿ ಕಾಣುತ್ತದೆ. ಮೊದಲ ಸಾಲು ಸರಿ. ಎರಡು, ಮೂರು ಸರಿ. ನಾಲ್ಕನೆಯ ಸಾಲಿನಲ್ಲಿ ಒಂದು ಕೊಳವೆಯ ತಳ ಹೊಳೆಯಿತು. ಬರೀ ಹಿತ್ತಾಳೆ. ಒಳಗೆ ಒಂದು ಕಾಳು ಮದ್ದಿರಲಿಲ್ಲ.

ಫೋನ್ ಬಂದಾಗ ಕೈಯಲ್ಲಿದ್ದ ಕೊಳವೆ ಅದು. ಮದ್ದು ಹಾಕದೆ ಬಾಯಿ ಮೇಲೆ ಮಾಡಿ ಇಟ್ಟುಬಿಟ್ಟಿದ್ದೆ. ಅದರ ಮೇಲೆ ಗುಂಡು ಕೂತಿದ್ದರೆ ಹೊರಗಿಂದ ಬೇರೆ ತೋಟಾಕ್ಕೂ ಅದಕ್ಕೂ ವ್ಯತ್ಯಾಸ ಇರುತ್ತಿರಲಿಲ್ಲ. ಹೊಡೆದರೆ ಪ್ರೈಮರಿನ ಬಲಕ್ಕೆ ಗುಂಡು ನಳಿಗೆಯ ಒಳಗೆ ಸ್ವಲ್ಪ ಹೋಗಿ ಸಿಕ್ಕಿಕೊಳ್ಳುತ್ತದೆ. ಟಪ್ ಅಂತ ಸಣ್ಣ ಶಬ್ದ, ಅಷ್ಟೇ. ಅದನ್ನು ಗಮನಿಸದೆ ಇನ್ನೊಂದು ಈಡು ಹೊಡೆದರೆ ನಳಿಗೆ ಉಬ್ಬುತ್ತದೆ, ಸಿಡಿಯಲೂಬಹುದು. ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಆಮೇಲೆ ಐವತ್ತನ್ನೂ ಒಂದೊಂದಾಗಿ ಎತ್ತಿ ಮದ್ದು ವಾಪಸ್ ಡಬ್ಬಿಗೆ ಸುರಿದೆ. ಡಬ್ಬಿ ಮುಚ್ಚಿ, ಬೀಗ ಹಾಕಿ ಮಲಗಿದೆ.

ಮರುದಿನ ಬೆಳಿಗ್ಗೆ ಫೋನನ್ನು ಹೊರಗಿಟ್ಟು ಮೊದಲಿಂದ ಮಾಡಿದೆ. ಈ ಸಲ ಎರಡು ಬಾರಿ ಬ್ಯಾಟರಿ ಹಿಡಿದೆ, ಮಧ್ಯೆ ಹೆಂಡತಿಯನ್ನೂ ಕರೆದು ನೋಡಲು ಹೇಳಿದೆ. ಐವತ್ತೂ ಒಂದೇ ಮಟ್ಟ. ಗುಂಡು 158 ಗ್ರೇನಿನವು, .38ಕ್ಕೆ ಹಳೆಯ ಕಾಲದಿಂದ ಬಳಸುವ ತೂಕ, ಸುಮಾರು ಹತ್ತು ಗ್ರಾಂ. ಒಂದೊಂದೂ ಕೂರುವಾಗ ಲಿವರಿನಲ್ಲಿ ಮೆತ್ತಗೆ ತಡೆ, ಕೊನೆಗೆ ಅಂಚು ಮಡಿಯುವಾಗ ಸಣ್ಣ ಒತ್ತು. ಐದಕ್ಕೊಂದು ಕ್ಯಾಲಿಪರಿನಲ್ಲಿ ಅಳೆದೆ. ಡಬ್ಬಿ ಮೇಲೆ ದಿನಾಂಕ, ಮದ್ದಿನ ಹೆಸರು, ತೂಕ, ಗುಂಡು, ಎಷ್ಟನೆಯ ಸಲ ತುಂಬಿದ್ದು, ಎಲ್ಲ ಬರೆದು ಅಂಟಿಸಿದೆ.

ಶನಿವಾರ ರೇಂಜಿನಲ್ಲಿ ಮೊದಲು ಚಕ್ರದಲ್ಲಿ ಒಂದೇ ಒಂದು ತೋಟಾ ಹಾಕಿ ಹೊಡೆದೆ. ಶಬ್ದ ಸರಿಯಾಗಿತ್ತು. ಬಿಚ್ಚಿ ನಳಿಗೆಯಲ್ಲಿ ಬೆಳಕು ನೋಡಿದೆ. ಮತ್ತೊಂದು. ಮತ್ತೆ ನೋಡಿದೆ. ಹೀಗೆ ಆರು ಆದ ಮೇಲೆ ಆರೂ ಒಟ್ಟಿಗೆ ತುಂಬಿದೆ. ಐದನೆಯ ಈಡಿನ ನಂತರ ನಿಲ್ಲಿಸಿ ಆರನೆಯದನ್ನು ತೆಗೆದು ಅಳೆದೆ. ಗುಂಡು ಕೂರಿಸಿದಲ್ಲೇ ಇತ್ತು.

ಸಂಜೆ ಐವತ್ತು ಕೊಳವೆಗಳನ್ನು ಮೇಜಿನ ಮೇಲೆ ಹರಡಿ ಬ್ಯಾಟರಿಯಲ್ಲಿ ಒಂದೊಂದೇ ತಿರುಗಿಸಿದೆ. ಒಂದರ ಬಾಯಲ್ಲಿ ಕೂದಲಿನಂಥ ಸೀಳು. ಅದನ್ನು ಇಕ್ಕಳದಲ್ಲಿ ಚಪ್ಪಟೆ ಮಾಡಿ ಗುಜರಿ ಡಬ್ಬಿಗೆ ಹಾಕಿದೆ. ಉಳಿದ ನಲವತ್ತೊಂಬತ್ತು ಬಕೆಟ್ಟಿನ ಬಿಸಿನೀರಿನಲ್ಲಿ ನೆನೆಯುತ್ತಿವೆ.